ಲ್ಯಾಪರೋಸ್ಕೋಪಿಗೆಂದು ಹೊಟ್ಟೆಗೆ ಗ್ಯಾಸ್ ತುಂಬಿದೊಡನೆ ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಇಳಿದರೆ ಮೊದಲು ಏನು ನೋಡಬೇಕು?

ಪಿಜಿ_ಅರಿವಳಿಕೆ:
ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಯುವ ಕೇಸ್. ಮಹಿಳೆ, ಎತ್ತರ 160 ಸೆಂ.ಮೀ., ತೂಕ 95 ಕೆ.ಜಿ. ಶ್ವಾಸನಾಳಕ್ಕೆ 7 ನಂಬರ್ ಟ್ಯೂಬ್, ತುಟಿಯ ಹತ್ತಿರ 22 ಸೆಂ.ಮೀ. ಟೈಡಲ್ ವಾಲ್ಯೂಮ್ (ಪ್ರತಿ ಉಸಿರಿನ ಗಾಳಿ) 650 ಮಿ.ಲೀ., ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) ಇಟ್ಟಿಲ್ಲ. ಗ್ಯಾಸ್ ಒತ್ತಡ 14ಕ್ಕೆ ಬಂದ ಮೇಲೆ ಪೀಕ್ ಪ್ರೆಷರ್ (ಗಾಳಿ ತುಂಬುವಾಗಿನ ಗರಿಷ್ಠ ಒತ್ತಡ) 24ರಿಂದ 38ಕ್ಕೆ ಏರಿತು, ಸ್ಯಾಚುರೇಶನ್ 99ರಿಂದ 92ಕ್ಕೆ ಇಳಿಯಿತು. ಮೊದಲು ಏನು ಮಾಡಬೇಕು? ಎಲ್‌ಎಂಎ (ಶ್ವಾಸನಾಳಕ್ಕೆ ಇಳಿಸದೆ ಗಂಟಲಲ್ಲೇ ಕೂರಿಸುವ ಮಾಸ್ಕ್) ಸಾಕಾಗುತ್ತಿತ್ತೇ?

ಹಳೇ_ಲಾರಿಂಗೋಸ್ಕೋಪ್:
ಆಕ್ಸಿಜನ್ 100ಕ್ಕೆ ಏರಿಸಿ, ಸ್ಟೆತ್ ಹಿಡಿಯಿರಿ. ವೆಂಟಿಲೇಟರ್ ಆಮೇಲೆ. ಗ್ಯಾಸ್ ವಪೆಯನ್ನು ಮೇಲಕ್ಕೆ ತಳ್ಳುತ್ತದೆ, ಅದರ ಜೊತೆ ಕರೈನಾ (ಶ್ವಾಸನಾಳ ಎರಡು ಬ್ರಾಂಕಸ್ ಆಗಿ ಕವಲೊಡೆಯುವ ಜಾಗ) ಕೂಡ ಮೇಲೇರುತ್ತದೆ. ಟ್ಯೂಬ್ ಮಾತ್ರ ತುಟಿಯಲ್ಲಿ ಕಟ್ಟಿದಲ್ಲೇ ಇರುತ್ತದೆ, ಹಾಗಾಗಿ ತುದಿ ಬಲ ಬ್ರಾಂಕಸ್‌ಗೆ ಇಳಿದಿರಬಹುದು. ಎಡಗಡೆ ಸದ್ದು ಕಡಿಮೆಯಿದ್ದರೆ ಕಫ್ (ಟ್ಯೂಬ್ ತುದಿಯ ಬಳಿಯ ಗಾಳಿಬುಗ್ಗೆ) ಇಳಿಸಿ, 1–2 ಸೆಂ.ಮೀ. ಹಿಂದಕ್ಕೆಳೆದು, ಮತ್ತೆ ಕಫ್ ತುಂಬಿ: 20–30 ಸೆಂ.ಮೀ. ನೀರಿನ ಒತ್ತಡ, ಮಾನೋಮೀಟರ್‌ನಲ್ಲಿ ನೋಡಿ. ಕ್ಯಾಪ್ನೋಗ್ರಾಫ್ (ಹೊರಬರುವ ಕಾರ್ಬನ್ ಡೈಆಕ್ಸೈಡ್ ತೋರಿಸುವ ಗೆರೆ) ಚೆನ್ನಾಗಿದೆ ಎಂದು ಸುಮ್ಮನಾಗಬೇಡಿ, ಒಂದೇ ಶ್ವಾಸಕೋಶಕ್ಕೆ ಗಾಳಿ ಹೋಗುತ್ತಿದ್ದರೂ ಆ ಗೆರೆ ಬಹುತೇಕ ಹಾಗೇ ಇರುತ್ತದೆ. ಬಿಪಿಯೂ ಬಿದ್ದರೆ ಗ್ಯಾಸ್ ಬಿಡಲು ಸರ್ಜನ್‌ಗೆ ಆಗಲೇ ಹೇಳಿ.

ಪೀಪ್_ಪ್ರಿಯ:
ಮೇಲಿನದು ಸರಿ. ಆದರೆ 650 ಎಲ್ಲಿಂದ ಬಂತು? ತೂಕ ನೋಡಿ ಔಷಧಿ ಹಾಕುವ ಕೈ ಗಾಳಿಯನ್ನೂ ತೂಕದಿಂದಲೇ ಅಳೆಯುತ್ತದೆ. ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ! ಎತ್ತರದಿಂದ ಅಂದಾಜಿಸಿದ ತೂಕ ಹಿಡಿಯಬೇಕು, ಮಹಿಳೆಯರಿಗೆ ಲೆಕ್ಕ: 45.5 + 0.91 × (ಎತ್ತರ − 152.4). ಇಲ್ಲಿ ಸುಮಾರು 52 ಕೆ.ಜಿ. ಕೆ.ಜಿ.ಗೆ 6–8 ಮಿ.ಲೀ. ಎಂದರೆ 310–420.

ಇನ್‌ಸ್ಪಿರೇಟರಿ ಪಾಸ್ ಒತ್ತಿ ಪ್ಲೇಟೋ (ಉಸಿರು ತುಂಬಿ ನಿಲ್ಲಿಸಿದಾಗಿನ ಒತ್ತಡ) ನೋಡಿ. ಪೀಕ್ ಮಾತ್ರ ಏರಿದ್ದರೆ ಟ್ಯೂಬ್ ಮಡಚಿದೆ, ಕಫ ಕಟ್ಟಿದೆ ಇಲ್ಲವೇ ಬ್ರಾಂಕೋಸ್ಪಾಸ್ಮ್ (ಶ್ವಾಸನಾಳಗಳ ಬಿಗಿತ). ಎರಡೂ ಏರಿದ್ದರೆ ತುದಿ ಒಳಗಿಳಿದಿದೆ, ಶ್ವಾಸಕೋಶದ ಬುಡ ಮುದುಡಿದೆ, ಅಪರೂಪಕ್ಕೆ ನ್ಯೂಮೋಥೋರಾಕ್ಸ್ (ಶ್ವಾಸಕೋಶದ ಹೊರಗೆ ಎದೆಯಲ್ಲಿ ಸೇರಿದ ಗಾಳಿ). ಬುಡ ಮುದುಡಿದ್ದರೆ, ಬಿಪಿ ತಡೆಯುವಂತಿದ್ದರೆ, 30–40 ಸೆಂ.ಮೀ. ಒತ್ತಡದಲ್ಲಿ ಕೆಲವು ಸೆಕೆಂಡ್ ಹಿಡಿದು ಬಿಡಿಸಿ, ನಂತರ ಪೀಪ್ 8–10. ಬಿಡಿಸದೆ ಪೀಪ್ ಇಟ್ಟರೆ ಮುದುಡಿದ್ದು ತೆರೆಯುವುದು ಕಷ್ಟ, ಬಿಡಿಸಿ ಪೀಪ್ ಇಡದಿದ್ದರೆ ಮತ್ತೆ ಮುದುಡುತ್ತದೆ. ಪ್ಲೇಟೋದಲ್ಲಿ ಪೀಪ್ ಕಳೆದರೆ 15ರೊಳಗೆ ಇರಲಿ. ಸ್ಯಾಚುರೇಶನ್ ಬಂದ ಮೇಲೆ ಆಕ್ಸಿಜನ್ 40ರ ಆಸುಪಾಸಿಗೆ ಇಳಿಸಿ. ಕಾರ್ಬನ್ ಡೈಆಕ್ಸೈಡ್ ಏರಿದರೆ ವಾಲ್ಯೂಮ್ ಬೇಡ, ರೇಟ್ 12ರಿಂದ 16–18 ಮಾಡಿ, ಉಸಿರು ಪೂರ್ತಿ ಹೊರಬರುತ್ತಿದೆಯೇ ನೋಡುತ್ತಿರಿ.

ಪಿಜಿ_ಅರಿವಳಿಕೆ:
ಲೆಕ್ಕ ತಿಳಿಯಿತು, ಧನ್ಯವಾದ ಸರ್. ಎಲ್‌ಎಂಎ?

ಹಳೇ_ಲಾರಿಂಗೋಸ್ಕೋಪ್:
ಇವರಿಗೆ ಬೇಡ. ಹಳೆಯ ಕ್ಲಾಸಿಕ್ ಮಾಸ್ಕ್ ಒತ್ತಡ 20 ಸೆಂ.ಮೀ. ಹತ್ತಿರ ಬಂದಾಗಲೇ ಸೋರುತ್ತದೆ. ಹೊಟ್ಟೆಗೆ ಬೇರೆ ಕೊಳವೆಯಿರುವ ಎರಡನೇ ತಲೆಮಾರಿನದು 25–30ರವರೆಗೆ ತಡೆದೀತು. ಸಣಕಲು ಮೈಯವರಲ್ಲಿ, ಹೊಟ್ಟೆ ಖಾಲಿಯಿದ್ದು ರಿಫ್ಲಕ್ಸ್ ಇಲ್ಲದಿದ್ದರೆ ಅದರಲ್ಲೇ ಮುಗಿಸುವವರಿದ್ದಾರೆ. ಇಲ್ಲಿ ಸೋರಿದ ಗಾಳಿ ಜಠರ ಸೇರುತ್ತದೆ, ಸರ್ಜನ್‌ಗೂ ಅಡ್ಡ ಬರುತ್ತದೆ. ಟ್ಯೂಬ್ ತೆಗೆಯುವಾಗಲೂ ಅವಸರ ಬೇಡ: ತಲೆಕಡೆ ಎತ್ತರ, ಟಿಓಎಫ್ ರೇಶಿಯೋ (ಸ್ನಾಯುಗಳ ಬಲ ಎಷ್ಟು ಮರಳಿದೆ ಎಂಬ ಅಳತೆ) ಕನಿಷ್ಠ 0.9, ಕಣ್ಣು ಬಿಟ್ಟು ಹೇಳಿದ್ದು ಕೇಳುವ ತನಕ ಟ್ಯೂಬ್ ಅಲ್ಲೇ ಇರಲಿ.