ಮಸಾಲೆ ಅಳತೆ ಗ್ರಾಂನಲ್ಲಿದೆ, ಚಮಚಕ್ಕೆ ಬದಲಾಯಿಸೋದು ಹೇಗೆ?

ಪ್ರಶ್ನೆ:
ಒಂದು ಮಸಾಲೆ ಮಿಶ್ರಣದ ಅಳತೆ ಪೂರ್ತಿ ಗ್ರಾಂನಲ್ಲೇ ಇದೆ. ಜೀರಿಗೆ ಪುಡಿ 12 ಗ್ರಾಂ, ಕಾಳುಮೆಣಸಿನ ಪುಡಿ 5 ಗ್ರಾಂ, ಅರಿಶಿನ 3 ಗ್ರಾಂ, ಉಪ್ಪು 20 ಗ್ರಾಂ. ಒಂದು ಟೀ ಚಮಚ ಅಂದ್ರೆ 5 ಗ್ರಾಂ ಅಂತ ಎಲ್ಲೋ ಓದಿದ್ದೆ. ಎಲ್ಲದಕ್ಕೂ ಅದೇ ಲೆಕ್ಕ ಹಿಡಿದರೆ ನಡೆಯುತ್ತಾ?

ಉತ್ತರ 1:
ನಡೆಯಲ್ಲ. ಟೀ ಚಮಚ ಅಂದ್ರೆ 5 ಮಿಲಿ. ಅದು 5 ಗ್ರಾಂ ತೂಗೋದು ನೀರು ತುಂಬಿದಾಗ ಮಾತ್ರ. ಪುಡಿ ಉಪ್ಪು ಸುಮಾರು 6 ಗ್ರಾಂ ಬರುತ್ತೆ, ಅರಿಶಿನ 3ರ ಆಸುಪಾಸು, ಕಾಳುಮೆಣಸಿನ ಪುಡಿ ಮತ್ತು ಜೀರಿಗೆ ಎರಡು ಚಿಲ್ಲರೆ, ಒಣಗಿಸಿದ ಎಲೆಗಳಾದರೆ 1 ಗ್ರಾಂ ಬಂದರೆ ಹೆಚ್ಚು.

ನಿಮ್ಮ ಲೆಕ್ಕದಲ್ಲಿ ಏನಾಗುತ್ತೆ ನೋಡಿ. 12 ಗ್ರಾಂ ಜೀರಿಗೆಗೆ ಎರಡೂವರೆ ಚಮಚ ಹಾಕುತ್ತೀರಿ, ಬೇಕಾಗಿರೋದು ಐದಕ್ಕಿಂತ ಜಾಸ್ತಿ. 20 ಗ್ರಾಂ ಉಪ್ಪಿಗೆ 4 ಚಮಚ ಹಾಕುತ್ತೀರಿ, ಅದು 24 ಗ್ರಾಂ ಆಗುತ್ತೆ. ಮಸಾಲೆ ಅರ್ಧಕ್ಕೆ ಇಳೀತು, ಉಪ್ಪು ಏರಿತು. ಎರಡೂ ಕಡೆ ಕೆಡುತ್ತೆ.

ಉತ್ತರ 2:
ಉಪ್ಪಿನ ವಿಷಯ ಇನ್ನೂ ಸ್ವಲ್ಪ ಇದೆ. ಮೇಲೆ ಹೇಳಿದ 6 ಗ್ರಾಂ ನುಣ್ಣನೆ ಪುಡಿ ಉಪ್ಪಿಗೆ. ಹಗುರವಾದ ಪದರ ಪದರ ಉಪ್ಪಾದರೆ ಅದೇ ಚಮಚದಲ್ಲಿ 3 ಗ್ರಾಂ ಅಷ್ಟೇ ಹಿಡಿಯಬಹುದು, ಹರಳಿನ ಮಧ್ಯೆ ಎಲ್ಲ ಗಾಳಿ ಅಲ್ವಾ. ಹಾಗಾಗಿ ಉಪ್ಪನ್ನಂತೂ ತೂಗಿಯೇ ಹಾಕಿ. ಆಮೇಲೆ ಮನೆಯಲ್ಲಿ ಊಟಕ್ಕೆ ಇಟ್ಟುಕೊಳ್ಳೋ ಚಮಚವನ್ನ ಅಳತೆಗೆ ನಂಬಬೇಡಿ, ಒಂದೊಂದು ಒಂದೊಂದು ಗಾತ್ರ. ಟೇಬಲ್ ಚಮಚ ಕೂಡ ಎಲ್ಲಾ ಕಡೆ ಒಂದೇ ಅಲ್ಲ. ಸಾಮಾನ್ಯವಾಗಿ 15 ಮಿಲಿ, ಆಸ್ಟ್ರೇಲಿಯಾದಲ್ಲಿ 20.

ಪ್ರಶ್ನೆ ಕೇಳಿದವರು:
ಅಯ್ಯೋ, ಇಷ್ಟೆಲ್ಲಾ ಇದೆಯಾ! ಸರಿ, ತೂಗೋಣ ಅಂದ್ರೆ ನನ್ನ ಸ್ಕೇಲ್ 1 ಗ್ರಾಂಗಿಂತ ಕೆಳಗೆ ತೋರಿಸಲ್ಲ. 3 ಗ್ರಾಂ ಅರಿಶಿನ ಹೇಗೆ ತೂಗಲಿ?

ಉತ್ತರ 3:
ಅದರಲ್ಲಿ 3 ಗ್ರಾಂ ತೂಗಬೇಡಿ. ಬಟ್ಟಲು ಇಟ್ಟು ಸೊನ್ನೆ ಮಾಡಿ. 10 ಚಮಚ ಅರಿಶಿನ ಹಾಕಿ, ಪ್ರತಿ ಸಲ ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿ. ಒತ್ತಿ ತುಂಬಬೇಡಿ, ಗೋಪುರಾನೂ ಬೇಡ. 31 ಗ್ರಾಂ ಬಂತು ಅಂದ್ಕೊಳ್ಳಿ, ಒಂದು ಚಮಚಕ್ಕೆ 3.1. ಅದನ್ನ ಡಬ್ಬಿ ಮುಚ್ಚಳದ ಮೇಲೆ ಬರೆದಿಡಿ, ಪುಡಿ ವಾಪಸ್ ಡಬ್ಬಿಗೆ ಹಾಕಿ. ಬೇರೆ ಕಡೆಯ ಪುಡಿ ತಂದರೆ ಇನ್ನೊಂದು ಸಲ ನೋಡಬೇಕಾಗುತ್ತೆ, ಯಾಕಂದ್ರೆ ಬೀಸಿದ ನಯ ಬೇರೆ ಇರುತ್ತೆ.

ಇನ್ನೊಂದು, ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಾ ಹೋದರೆ ಕೆಲವು ಸ್ಕೇಲ್‌ಗಳಿಗೆ ಗೊತ್ತೇ ಆಗಲ್ಲ, ಅಂಕಿ ಅಲ್ಲೇ ನಿಂತಿರುತ್ತೆ. ಬಟ್ಟಲು ಎತ್ತಿ ಮತ್ತೆ ಇಡಿ, ಸರಿಯಾದ ತೂಕ ತೋರಿಸುತ್ತೆ.

ಉತ್ತರ 4:
ನನಗಂತೂ ಇದು ಸ್ವಲ್ಪ ಅತಿ ಅನ್ನಿಸುತ್ತೆ. ಖಾರದ ಪುಡಿ ಗ್ರಾಂ ಲೆಕ್ಕದಲ್ಲಿ ಕರೆಕ್ಟಾಗಿ ಹಾಕಿದರೂ ಒಂದು ಮೆಣಸಿನಕಾಯಿ ಸಪ್ಪೆ, ಇನ್ನೊಂದು ಬೆಂಕಿ. ಕೊನೆಗೆ ನಾಲಿಗೆಯೇ ಹೇಳಬೇಕು.

ಉತ್ತರ 1:
ಖಾರಕ್ಕೆ ಒಪ್ಪುತ್ತೇನೆ. ಉಪ್ಪು, ಅಡುಗೆ ಸೋಡಾ, ಲವಂಗದ ಪುಡಿ ಇವಕ್ಕೆ ಆ ಮಾತು ಬೇಡ, ಹಾಕಿದ ಮೇಲೆ ತೆಗೆಯೋಕೆ ಆಗಲ್ಲ. ಮತ್ತೆ ಇಡೀ ಜೀರಿಗೆ ಕೊಂಡು ಮನೇಲೇ ಪುಡಿ ಮಾಡೋರಿಗೆ ತೂಕವೇ ಸುಲಭ. 12 ಗ್ರಾಂ ಕಾಳು ಬೀಸಿದರೂ 12 ಗ್ರಾಂ ಪುಡಿಯೇ, ಮಿಕ್ಸಿ ಜಾರ್‌ಗೆ ಅಂಟಿಕೊಂಡಿದ್ದು ಬಿಟ್ಟು. ಚಮಚದ ಲೆಕ್ಕ ಹಾಗಲ್ಲ, ಕಾಳಿನ ಒಂದು ಚಮಚ ಬೀಸಿದ ಮೇಲೆ ಪುಡಿಯಲ್ಲಿ ಒಂದು ಚಮಚವೇ ಆಗಬೇಕು ಅಂತೇನಿಲ್ಲ.