ಅಮ್ಮನ ಚೀಟಿಯಲ್ಲಿ 'ಎಸೆನ್ಷಿಯಲ್ ಟ್ರೆಮರ್' ಅಂತ ಇದೆ, ಹಾಗಂದ್ರೆ ಏನು?

ಪ್ರಶ್ನೆ
ಅಮ್ಮನಿಗೆ 68 ವರ್ಷ. ಕಾಫಿ ಲೋಟ ಬಾಯಿಗೆ ತರುವಾಗ ಕೈ ನಡುಗುತ್ತದೆ. ರಂಗೋಲಿ ಎಳೆ ನೇರ ಬರುವುದಿಲ್ಲ, ಅವರಿಗೆ ಅದೇ ಜಾಸ್ತಿ ಬೇಜಾರು. ಡಾಕ್ಟರು 'ಎಸೆನ್ಷಿಯಲ್ ಟ್ರೆಮರ್' ಎಂದು ಬರೆದು ಪ್ರೊಪ್ರನೊಲಾಲ್ ಮಾತ್ರೆ ಕೊಟ್ಟಿದ್ದಾರೆ. ಎಸೆನ್ಷಿಯಲ್ ಅಂದರೆ ಅಗತ್ಯ ಅಲ್ವಾ? ಶಿವರಿಂಗ್ ಅಂತ ಯಾಕೆ ಬರೆದಿಲ್ಲ? ಇದು ಪಾರ್ಕಿನ್ಸನ್ ಕಾಯಿಲೆಯಾ? ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ 1
ಶಿವರಿಂಗ್ ಅಂದರೆ ಚಳಿಗೋ ಜ್ವರಕ್ಕೋ ಮೈಯೆಲ್ಲ ಗಡಗಡ ನಡುಗುವುದು. ಹೆದರಿ ನಡುಗಿದರೆ ಟ್ರೆಂಬಲ್ ಅನ್ನುತ್ತಾರೆ. ಭೂಮಿ ಸಣ್ಣಗೆ ಅದುರಿದರೂ ಟ್ರೆಮರ್ ಎಂದೇ ಹೇಳುತ್ತಾರೆ.

ಉತ್ತರ 2
ನಾನು ನರರೋಗ ವಿಭಾಗದಲ್ಲಿ ನರ್ಸ್. ನಮ್ಮಲ್ಲಿ ಟ್ರೆಮರ್ ಅಂದರೆ ಕೈಯೋ ತಲೆಯೋ ದನಿಯೋ ತಾನಾಗಿ, ಒಂದೇ ಲಯದಲ್ಲಿ ನಡುಗುವುದು. ವೈದ್ಯರ ಮಾತಿನಲ್ಲಿ ಎಸೆನ್ಷಿಯಲ್ ಅಂದರೆ ಬೇರೆ ಕಾಯಿಲೆಯಿಂದ ಬಂದದ್ದಲ್ಲ, ಇಂಥದ್ದೇ ಕಾರಣ ಎಂದು ತೋರಿಸಲಾಗದ್ದು. ಅಗತ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಪಾರ್ಕಿನ್ಸನ್ ಬೇರೆ. ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ಅದನ್ನು ವಿವರಿಸಿ ಬರೆದರು. ಅದರಲ್ಲಿ ಸಾಮಾನ್ಯವಾಗಿ ಕೈ ಸುಮ್ನೆ ತೊಡೆಯ ಮೇಲಿದ್ದಾಗಲೇ ನಡುಕ ಜಾಸ್ತಿ. ಹೆಬ್ಬೆರಳು ತೋರುಬೆರಳಿನ ನಡುವೆ ಗುಳಿಗೆ ಹೊಸೆದಂತೆ ಕಾಣುತ್ತದೆ. ಬರೆದರೆ ಅಕ್ಷರ ಬರಬರುತ್ತಾ ಚಿಕ್ಕದಾಗುತ್ತದೆ. ಎಸೆನ್ಷಿಯಲ್ ಟ್ರೆಮರ್‌ನಲ್ಲಿ ಕೆಲಸಕ್ಕೆ ಕೈ ಎತ್ತಿದಾಗ ನಡುಕ. ಒಳಗಿನಿಂದ ಹೊರಕ್ಕೆ ಸುರುಳಿ ಬರೆಯಲು ಕೊಡುತ್ತೇವೆ, ಗೆರೆ ಉದ್ದಕ್ಕೂ ಗರಗಸದ ಹಲ್ಲಿನಂತೆ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅಪ್ಪನಿಗೋ ಅಜ್ಜಿಗೋ ಮೊದಲೇ ಇರುತ್ತದೆ. ಥೈರಾಯ್ಡ್ ಪರೀಕ್ಷೆ ಆಗಿದೆಯಾ? ಅದು ಹೆಚ್ಚಾದರೂ ಕೈ ನಡುಗುತ್ತದೆ. ಬೇರೆ ಯಾವ ಔಷಧಿ ತೆಗೆದುಕೊಳ್ಳುತ್ತಾರೆ?

ಪ್ರಶ್ನೆ ಕೇಳಿದವರು
ತುಂಬಾ ಧನ್ಯವಾದ. ತೊಡೆಯ ಮೇಲಿಟ್ಟಾಗ ಕೈ ನಡುಗುವುದೇ ಇಲ್ಲ. ತಾತನಿಗೂ ಹೀಗೇ ಇತ್ತು. ಥೈರಾಯ್ಡ್ ಸರಿಯಿದೆ. ಅಮ್ಮನಿಗೆ ಆಸ್ತಮಾ ಇದೆ, ಸಾಲ್ಬ್ಯುಟಮಾಲ್ ಇನ್‌ಹೇಲರ್ ಎಳೆಯುತ್ತಾರೆ. ಡಾಕ್ಟರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ಉತ್ತರ 2
ಆಸ್ತಮಾ ಇದ್ದವರಿಗೆ ಪ್ರೊಪ್ರನೊಲಾಲ್ ಉಸಿರಾಟದ ನಾಳ ಬಿಗಿಸಿಬಿಡಬಹುದು. ಇನ್ನೂ ಶುರು ಮಾಡಿಲ್ಲದಿದ್ದರೆ ಕೊಡಬೇಡಿ, ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಶುರುವಾಗಿದ್ದು ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ ಹೋಗಿ. ಸಾಲ್ಬ್ಯುಟಮಾಲ್‌ನಿಂದಲೂ ನಡುಕ ಏರುತ್ತದೆ, ಅದನ್ನೂ ತಿಳಿಸಿ. ಆದರೆ ಇನ್‌ಹೇಲರ್ ನೀವಾಗಿಯೇ ನಿಲ್ಲಿಸಬೇಡಿ. ಪ್ರಿಮಿಡೋನ್‌ನಂಥ ಬೇರೆ ಮಾತ್ರೆಗಳಿವೆ, ಯಾವುದು ಹೊಂದುತ್ತದೆಂದು ಅವರೇ ನೋಡುತ್ತಾರೆ. ಅಲ್ಲಿಯವರೆಗೆ ಕಾಫಿ ಕಡಿಮೆ ಮಾಡಿ, ಲೋಟ ಅರ್ಧ ತುಂಬಿಸಿ ಕೊಡಿ.

ಪ್ರಶ್ನೆ ಕೇಳಿದವರು
ಮಾತ್ರೆ ಇನ್ನೂ ಶುರು ಮಾಡಿಲ್ಲ. ಈಗಲೇ ಫೋನ್ ಮಾಡುತ್ತಿದ್ದೇನೆ.