ಮುಂಬೈ ಪ್ಲೇಗ್ ಸಾಕ್ಷ್ಯಚಿತ್ರ: ಯಾರನ್ನು ತೋರಿಸಬೇಕು, ಯಾರನ್ನು ಬಿಡಬೇಕು?

ಡೊಂಬಿವಲಿ ಫಾಸ್ಟ್:
ನಮಸ್ಕಾರ. ನಮ್ಮ ಕನ್ನಡ ಸಂಘದ ಕೆಲವರು ಸೇರಿ 1896ರ ಮುಂಬೈ ಪ್ಲೇಗ್ ಬಗ್ಗೆ ಅರ್ಧ ಗಂಟೆಯ ಸಾಕ್ಷ್ಯಚಿತ್ರ ಮಾಡುತ್ತಿದ್ದೇವೆ. ಊರು ಹೇಗೆ ಉಳಿಯಿತು ಅನ್ನುವುದೇ ಕಥೆ. ಮಾಂಡ್ವಿಯಲ್ಲಿ ರೋಗ ಗುರುತಿಸಿದ ಗೋವಾ ಮೂಲದ ಡಾ. ವಿಯೇಗಸ್, ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಲಸಿಕೆ ತಯಾರಿಸಿ 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ ವಿಜ್ಞಾನಿ ಹಾಫ್ಕಿನ್, ಆಮೇಲೆ ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಊರು ಸುಧಾರಿಸಲು ಸರ್ಕಾರ ಮಾಡಿದ 1898ರ ಇಂಪ್ರೂವ್‌ಮೆಂಟ್ ಟ್ರಸ್ಟ್, ಅಗಲವಾದ ರಸ್ತೆಗಳು. ಸ್ಕ್ರಿಪ್ಟ್ ಓದಿದ ಹುಡುಗಿಯೊಬ್ಬಳು "ಇದರಲ್ಲಿ ಕೂಲಿಯವರೂ ಇಲ್ಲ, ಹೆಂಗಸರೂ ಇಲ್ಲ" ಅಂದಳು. ಇನ್ನೊಬ್ಬರು "ಎಲ್ಲರನ್ನೂ ತುರುಕಿದರೆ ಕಥೆಯೇ ಕೆಡುತ್ತದೆ" ಅಂದರು. ದುಡ್ಡು ಕೊಟ್ಟ ಹಿರಿಯರಿಗೆ ಕನ್ನಡಿಗರು ಕಾಣಲೇಬೇಕಂತೆ. ಏನು ಮಾಡುವುದು?

ಪರೇಲ್ ನಾಕಾ:
ಹುಡುಗಿ ಹೇಳಿದ್ದೇ ಸರಿ. ಹಾಗಂತ ಪಟ್ಟಿ ಹಿಡಿದು ಜಾತಿಗೊಂದು ನಿಮಿಷ ಹಂಚಬೇಡಿ, ಗಣರಾಜ್ಯೋತ್ಸವದ ಮೆರವಣಿಗೆ ಥರ ಆಗುತ್ತದೆ. ಆ ಚಳಿಗಾಲದಲ್ಲಿ ಕೆಲಸ ಯಾರು ಮಾಡಿದರು ಅಂತ ಹುಡುಕಿ. 8 ಲಕ್ಷ ಚಿಲ್ಲರೆ ಜನರಿದ್ದ ಊರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಗಂಟುಮೂಟೆ ಕಟ್ಟಿದ್ದರು. ಕಕ್ಕಸು ಬಳಿಯುವ, ಚರಂಡಿ ತೊಳೆಯುವ ಹಲಾಲ್‌ಖೋರರೂ ಹೊರಟರೆ ಊರಲ್ಲಿ ಬದುಕಲಿಕ್ಕೇ ಆಗುವುದಿಲ್ಲ ಅಂತ ಮುನ್ಸಿಪಲ್ ಕಮಿಷನರ್ ಸ್ನೋ ಹೆದರಿದ್ದ. ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವ ಆದೇಶವನ್ನು ಅವನು ಸಡಿಲಿಸಿದ್ದಕ್ಕೆ ಆ ಭಯವೂ ಒಂದು ಕಾರಣ. ಅವರನ್ನು ಬಿಟ್ಟು ಊರು ಉಳಿದ ಕಥೆ ಹೇಗೆ ಹೇಳುತ್ತೀರಿ ಮಾರಾಯ್ರೆ?

ಮಾಟುಂಗಾ ಸುಮ:
ಹೇಳಿದಷ್ಟು ಸುಲಭ ಅಲ್ಲ ಸರ್. ದುಡ್ಡಿದ್ದ ಸಮುದಾಯಗಳು ಆಗ ತಮ್ಮದೇ ಪ್ಲೇಗ್ ಆಸ್ಪತ್ರೆ ತೆರೆದವು, ಹಾಗಾಗಿ ಅವರ ಹೆಸರು, ಲೆಕ್ಕಪತ್ರ, ಗ್ರೂಪ್ ಫೋಟೋ ಎಲ್ಲಾ ಉಳಿದಿದೆ. ಬಡವರು ದಾಖಲೆಯಲ್ಲಿ ಸಿಗುವುದು ಜಾಸ್ತಿ ಗಲಾಟೆಯಾದಾಗಲೇ. 1896ರ ಅಕ್ಟೋಬರ್ 29ರಂದು ಗಿರಣಿ ಕೆಲಸಗಾರರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು. 1898ರ ಮಾರ್ಚ್‌ನಲ್ಲಿ ಪ್ಲೇಗ್ ತಪಾಸಣೆಯವರು ಮದನ್‌ಪುರಾದ ನೇಕಾರರ ಮನೆಗೆ ಹುಡುಗಿಯೊಬ್ಬಳನ್ನು ನೋಡಲು ಹೋದರು, ದಂಗೆಯೇ ಎದ್ದಿತು. ಸುಮ್ನೆ ಇಷ್ಟೇ ತೋರಿಸಿದರೆ ಬಡವರು ಮೂಢರು ಅನ್ನುವ ಹಳೇ ರಾಗವೇ ಬರುತ್ತದೆ. ಯಾಕೆ ಸಿಟ್ಟಾದರು ಅಂತಲೂ ಹೇಳಿ. ಮನೆಗೆ ನುಗ್ಗಿ ಸಾಮಾನು ಸುಡುತ್ತಿದ್ದರು, ಪರಗಂಡಸರು ಹೆಂಗಸರ ಮೈ ಮುಟ್ಟಿ ನೋಡುತ್ತಿದ್ದರು, ಆಸ್ಪತ್ರೆಗೆ ಹೋದವರಲ್ಲಿ ಬಹಳ ಜನ ವಾಪಸ್ ಬರುತ್ತಲೇ ಇರಲಿಲ್ಲ.

ಸಾವಿತ್ರಿಬಾಯಿ ಫುಲೆ ರೋಗಿಗಳ ಆರೈಕೆ ಮಾಡುತ್ತಾ 1897ರ ಮಾರ್ಚ್ 10ರಂದು ಪ್ಲೇಗ್‌ನಿಂದಲೇ ತೀರಿಕೊಂಡರು. ಆದರೆ ಅದು ಪುಣೆಯ ಕಥೆ. ಹೆಂಗಸರ ಕೋಟಾ ತುಂಬಲು ಮುಂಬೈಗೆ ಎಳೆದು ತರಬೇಡಿ.

ಹುಬ್ಬಳ್ಳಿ ಟು ಠಾಣೆ:
ಕನ್ನಡಿಗರ ವಿಷಯಕ್ಕೆ ಬಂದರೆ, ದಯವಿಟ್ಟು ಉಡುಪಿ ಹೋಟೆಲ್ ತೋರಿಸಬೇಡಿ, ಅದೆಲ್ಲಾ ಆಮೇಲಿನದು. ಆದರೆ ಧಾರವಾಡ ಜಿಲ್ಲೆ ಆಗ ಬಾಂಬೆ ಪ್ರೆಸಿಡೆನ್ಸಿಯಲ್ಲೇ ಇತ್ತಲ್ವಾ? 1898ರಲ್ಲಿ ಹುಬ್ಬಳ್ಳಿಯಲ್ಲೂ ಪ್ಲೇಗ್ ಇತ್ತು. ಸಾವಿರಾರು ಜನ ಹಾಫ್ಕಿನ್ ಲಸಿಕೆ ಚುಚ್ಚಿಸಿಕೊಂಡರು. ಲಸಿಕೆ ಎಷ್ಟು ಕೆಲಸ ಮಾಡುತ್ತದೆ ಅನ್ನುವ ಲೆಕ್ಕ ಸಿಕ್ಕಿದ ಊರುಗಳಲ್ಲಿ ನಮ್ಮದೂ ಒಂದು. ಮುಂಬೈಯಲ್ಲೇ ಬೇಕು ಅಂದರೆ ನಮ್ಮ ಕರಾವಳಿಯ ಮೀನುಗಾರ ಸಮುದಾಯದ ಸಂಘ, ಮೊಗವೀರ ವ್ಯವಸ್ಥಾಪಕ ಮಂಡಳಿ ಇದೆ. ಅದು ಶುರುವಾಗಿದ್ದು 1902ರಲ್ಲಿ, ಆಗಲೂ ಪ್ಲೇಗ್ ವರ್ಷ ವರ್ಷ ಬರುತ್ತಿತ್ತು. ಇದಕ್ಕಿಂತ ಹೆಚ್ಚಿನದನ್ನು ಹಿರಿಯರ ಖುಷಿಗೆ ಹುಟ್ಟಿಸಬೇಡಿ.

ಡೊಂಬಿವಲಿ ಫಾಸ್ಟ್:
ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿ ವಿಷಯ ಹಿರಿಯರಿಗೆ ಖಂಡಿತ ಇಷ್ಟ ಆಗುತ್ತದೆ. ಹಲಾಲ್‌ಖೋರರ ಭಾಗಕ್ಕೆ ಜಾಗ ಬೇಕು, ಟ್ರಸ್ಟ್ ಭಾಗ ಕತ್ತರಿಸುತ್ತೇನೆ. ನಟರನ್ನು ಹಾಕಿ ದೃಶ್ಯ ಮಾಡಿಸಲಾ?

ಪರೇಲ್ ನಾಕಾ:
ಬೇಡ, ಮುಖಕ್ಕೆ ಮಸಿ ಬಳಿದ ನಟರನ್ನು ನೋಡಿ ಸಾಕಾಗಿದೆ. ಹಳೇ ಫೋಟೋಗಳಲ್ಲಿ ಸಾಹೇಬರ ಹಿಂದೆ ನಿಂತ ಕೆಲಸದವರನ್ನೇ ಕ್ಯಾಮೆರಾದಲ್ಲಿ ಹತ್ತಿರಕ್ಕೆ ತನ್ನಿ. ಟ್ರಸ್ಟ್ ಕತ್ತರಿಸಬೇಡಿ, ತಿರುಗಿಸಿ ಹೇಳಿ. ಅದರ ಮೊದಲ ಯೋಜನೆ ನಾಗ್‌ಪಾಡಾದಲ್ಲಿ. ಮೊದಮೊದಲು ಕಟ್ಟಿದ್ದಕ್ಕಿಂತ ಕೆಡವಿದ್ದೇ ಜಾಸ್ತಿ, ಮನೆ ಕಳೆದುಕೊಂಡವರು ಅಕ್ಕಪಕ್ಕದ ಚಾಳುಗಳಿಗೇ ನುಗ್ಗಿದರು. ಅಗಲವಾದ ರಸ್ತೆ ತೋರಿಸುವಾಗ ಅದನ್ನೂ ಹೇಳಿ.